ಮಗಳಿಲ್ಲದವನ ಅಳಿಯ

ಹೊರಡುವ ಹಿಂದಿನ ಸಂಜೆ ನನ್ನ ತಂಗಿ ಪಂಕಜಾಕ್ಷಿ ಇಮಿಗ್ರೇಶನ್ ಆಫೀಸರ್ ಆದಳು. ಅಡಿಗೆ ಕೋಣೆಯ ಮೇಜಿನ ಆಚೆ ಬದಿ ಕುರ್ಚಿ ಹಾಕಿ ಕುಳಿತಳು. ಈಚೆ ಬದಿ ನಾನು ಪಾಸ್‌ಪೋರ್ಟ್ ಹಿಡಿದು ನಿಂತೆ.

"ನೇಮ್?"

"ತ್ಯಾಂಪಣ್ಣ ರೈ."

"ತಲೆ ಎತ್ತು ಅಣ್ಣ. ಕೋಳಿ ಕದ್ದವನ ಹಾಗೆ ನಿಲ್ಬೇಡ. ವೈ ಕಮಿಂಗ್?"

"ಟು ಸೀ..." ಎಂದು ನಿಲ್ಲಿಸಿದೆ.

"ಎಂತ ಟು ಸೀ? ಯಾರನ್ನು? ಹೀಗೆ ತಡವರಿಸಿದ್ರೆ ಇವ ಸುಳ್ಳು ಹೇಳುದು ಅಂತ ಅವರಿಗೆ ಆಗ್ತದೆ. ಕೇಳಿದ ಕೂಡ್ಲೇ ಹೇಳ್ಬೇಕು, ತಲೆ ಎತ್ತಿ ಹೇಳ್ಬೇಕು."

ಪಂಕಜಾಕ್ಷಿ ಕಲಿತದ್ದು ಏಳನೆಯವರೆಗೆ. ಈ ಪ್ರಶ್ನೆಗಳನ್ನು ಅವಳಿಗೆ ಫೋನಿನಲ್ಲಿ ಹೇಳಿಕೊಟ್ಟವನು ಮಸ್ಕತ್ತಿನಲ್ಲಿರುವ ಕಡಬದ ಸಂಪ್ರೀತ್. ಅವನು ಶೈಲೇಶನ ರೂಮಿನವನು. ಶೈಲೇಶ ಪಂಕಜಾಕ್ಷಿಯ ಒಬ್ಬನೇ ಮಗ, ನನ್ನ ಅಳಿಯ.

ಅಲ್ಲಿನ ಒಂದು ಮಾಲಿನಲ್ಲಿ ಎ.ಸಿ. ರಿಪೇರಿ ಮಾಡುವಾಗ ಶೈಲೇಶ ಏಣಿಯಿಂದ ಬಿದ್ದಿದ್ದ. ತಲೆಗೆ ಪೆಟ್ಟಾಗಿತ್ತು. ಎಚ್ಚರ ಬಂದಿರಲಿಲ್ಲ. ನಾನು ಅಲ್ಲಿಗೆ ತಲಪುವ ದಿನವೇ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆಪರೇಷನ್ ಎಂದು ನಿಗದಿಯಾಗಿತ್ತು. ಅದರಿಂದ ಎದ್ದು ಬರುತ್ತಾನೆ ಎಂದು ಯಾವ ಡಾಕ್ಟರೂ ಮಾತು ಕೊಟ್ಟಿರಲಿಲ್ಲ. ಐಸಿಯು ಒಳಗೆ ಸಂಬಂಧಿಕರಿಗೆ ಮಾತ್ರ ಪ್ರವೇಶ, ಫೋನು ಕೊಂಡುಹೋಗುವಂತಿಲ್ಲ. ಹಾಗಾಗಿ ಸಂಪ್ರೀತನಿಗೂ ಅವನನ್ನು ನೋಡಲಾಗಿರಲಿಲ್ಲ.

ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನಗೊಬ್ಬನಿಗೆ. ಶೈಲೇಶನೇ ಒಂದು ರಜೆಯಲ್ಲಿ ಬಂದಾಗ ಈಶ್ವರಮಂಗಲದಿಂದ ಮಂಗಳೂರಿಗೆ ಕರೆದುಕೊಂಡು ಹೋಗಿ ಮಾಡಿಸಿಕೊಟ್ಟಿದ್ದ. ಒಮ್ಮೆ ಬನ್ನಿ, ಸಮುದ್ರದ ಆಚೆ ಬದಿ ಹೇಗಿದೆ ನೋಡಿ ಎಂದಿದ್ದ. ಈ ವರ್ಷ, ಮುಂದಿನ ವರ್ಷ ಎನ್ನುತ್ತ ನಾನು ಹೋಗಿರಲಿಲ್ಲ. ಈಗ ಅವನ ಕಂಪೆನಿಯವರು ಅವಸರದಲ್ಲಿ ವೀಸಾ ಮಾಡಿಸಿದ್ದರು.

"ಒಳಗೆ ಕರಕೊಂಡು ಹೋಗುವ ಮೊದ್ಲು ಅವನ ಕಿವಿಗೆ ನಮ್ಮ ಮನೆಯ ಒಂದು ಸ್ವರ ಬೀಳ್ಬೇಕು ಅಣ್ಣ. ಅಷ್ಟೇ. ಬೇರೆ ನಾನು ಎಂತದೂ ಕೇಳುದಿಲ್ಲ," ಎಂದು ಪಂಕಜಾಕ್ಷಿ ಹೇಳಿದ್ದಳು.

ಅದಕ್ಕಾಗಿ ಈ ಅಭ್ಯಾಸ. ಅವಳ ಪ್ರಶ್ನೆಗೆ ನಾನು ನಿಂತುಹೋದದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಸರಿಯಾದ ಶಬ್ದ ಯಾವುದು ಎಂಬ ಸಂಶಯದಿಂದ.

ಪುತ್ತೂರಿನಲ್ಲಿ ಸೊಸೈಟಿಯ ಅಟೆಂಡರ್ ಆಗಿದ್ದಾಗ ನಾನು ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ, ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಇಂಗ್ಲಿಷ್ ಕಲಿಸುತ್ತಿದ್ದ ಮುರಳಿಕೃಷ್ಣ ಮಾಸ್ಟ್ರು ಒಂದು ದಿನ ಸಂಬಂಧಗಳ ಹೆಸರುಗಳನ್ನೆಲ್ಲ ಬೋರ್ಡಿನಲ್ಲಿ ಬರೆದರು. ನೆಫ್ಯೂ ಎಂದರೆ ಅಣ್ಣನ ಮಗ, ತಮ್ಮನ ಮಗ, ಅಕ್ಕನ ಮಗ, ತಂಗಿಯ ಮಗ ಎಲ್ಲರೂ. ಅದು ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರ ಮಕ್ಕಳು ಮಕ್ಕಳೇ. ಅಕ್ಕತಂಗಿಯರ ಮಗ ಮಾತ್ರ ಅಳಿಯ. ಮಗಳ ಗಂಡನಿಗೂ ಅದೇ ಶಬ್ದ. ನಮ್ಮ ಕಡೆಯ ಹಳೆಯ ಅಳಿಯ ಸಂತಾನದ ಕಟ್ಟಿನಲ್ಲಿ ಮನೆ, ಮನೆಯ ಹೆಸರು, ದೈವದ ಜವಾಬ್ದಾರಿ ಮಾವನಿಂದ ಅಳಿಯನಿಗೆ ಬರುತ್ತಿತ್ತು. ಕೋರ್ಟಿನಲ್ಲಿ ಈಗ ಆ ಕಟ್ಟು ನಡೆಯುವುದಿಲ್ಲ, ಮನಸ್ಸಿನಲ್ಲಿ ಮಾತ್ರ ಇನ್ನೂ ಇದೆ. ನಾನು ತೀರಿಕೊಂಡರೆ ಉತ್ತರಕ್ರಿಯೆಗೆ ಮುಂದೆ ನಿಲ್ಲಬೇಕಾದವನು ಶೈಲೇಶ. ಅವನ ತಂದೆ ಬೇಗ ತೀರಿಕೊಂಡರು. ಎತ್ತಿ ಆಡಿಸಿದವನು, ಶಾಲೆಗೆ ಸೇರಿಸಿದವನು ನಾನು.

ಮಾಸ್ಟ್ರು ಅದೇ ಬೋರ್ಡಿನಲ್ಲಿ 'ಅಳಿಯ' ಎಂದು ಬರೆದು ಮುಂದೆ 'ಸನ್ ಇನ್ ಲಾ' ಎಂದು ಬರೆದಿದ್ದರು. ಲಾ ಎಂದರೆ ಕಾನೂನು. ಕಾನೂನಿನ ಪ್ರಕಾರ ಮಗ. ನಮ್ಮ ಕಟ್ಟು ಇಂಗ್ಲಿಷಿನವರಿಗೂ ಗೊತ್ತಿದೆಯಲ್ಲ ಎಂದು ಆ ಸಂಜೆ ನನಗೆ ಸಂತೋಷವಾಗಿತ್ತು.

"ನೆಫ್ಯೂ ಅಂತ ಹೇಳ್ಬೇಕಂತೆ. ಸಂಪ್ರೀತ್ ಹೇಳಿದ್ದು," ಎಂದಳು ಪಂಕಜಾಕ್ಷಿ.

"ಅದು ಪೂರ್ತಿ ಸರಿ ಅಲ್ಲ. ಸರಕಾರದವರ ಹತ್ರ ಸರಿಯಾದ್ದನ್ನೇ ಹೇಳ್ಬೇಕಲ್ವಾ?"

"ನಿನ್ನ ಸರಿ ಯಾರಿಗೆ ಬೇಕು ಮಾರಾಯ! ಅವರೆಂತ ನಮ್ಮ ಮನೆಯ ಪಾಲು ಮಾಡ್ಲಿಕ್ಕೆ ಕೂತದ್ದಾ?"

ಅವಳು ಸಕ್ಕರೆ ಡಬ್ಬಿಯ ಮುಚ್ಚಳವನ್ನು ಪಾಸ್‌ಪೋರ್ಟಿನ ಮೇಲೆ ಒತ್ತಿ, "ಹೋಗ್ಬಹುದು," ಎಂದಳು. ಆಮೇಲೆ ಆ ಮುಚ್ಚಳವನ್ನು ಡಬ್ಬಿಗೆ ಹಾಕಲು ಅವಳಿಂದ ಆಗಲಿಲ್ಲ. ನಾನು ಹಾಕಿದೆ.

*

ಮಂಗಳೂರಿನ ಕೌಂಟರಿನಲ್ಲಿ ಕುಳಿತಿದ್ದವರು ಘಟ್ಟದ ಮೇಲಿನ ಕನ್ನಡದವರು.

"ಯಾರನ್ನ ನೋಡೋಕ್ ಹೋಗ್ತಿದೀರಾ?"

"ಅಳಿಯನನ್ನು ಸರ್. ಆಸ್ಪತ್ರೆಯಲ್ಲಿದ್ದಾನೆ."

"ಅಯ್ಯೋ ಪಾಪ. ಮಗಳು ಜೊತೇಲಿದಾಳಲ್ವಾ?"

"ಅದು ಸರ್..." ಎಂದೆ. ಅಷ್ಟರಲ್ಲಿ ಮೊಹರು ಬಿದ್ದಿತ್ತು. "ಧೈರ್ಯವಾಗಿರಿ, ಹೋಗಿ," ಎಂದು ಅವರು ನನ್ನ ಹಿಂದಿನವರನ್ನು ಕರೆದರು.

ಮುಂದೆ ಬಂದು ಕುಳಿತೆ. ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಆಫೀಸರರು ಇಲ್ಲದ ಒಬ್ಬ ಮಗಳಿಗಾಗಿ ಮರುಗಿದ್ದರು. ಹಿಂದೆ ಹೋಗಿ ತಿದ್ದಬೇಕೇ? ಹಾಗೆ ಹೋದರೆ ಮೊಹರು ಹಾಕಿದ್ದನ್ನು ರದ್ದು ಮಾಡುತ್ತಾರೋ ಏನೋ.

ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತ ಮುದುಕಿ ಸರದಿಯಲ್ಲಿ ನನ್ನ ಹಿಂದೆಯೇ ಇದ್ದವರು. ಸುಳ್ಯದವರು, ಹೆಸರು ಬೀಫಾತುಮ್ಮ. ಮಸ್ಕತ್ತಿನಲ್ಲಿರುವ ಮಗಳು ಮಿಸ್ರಿಯಾಳ ಮನೆಗೆ ಹೊರಟಿದ್ದರು. ಹಿಂದೆಯೂ ಕೆಲವು ಸಲ ಹೋಗಿ ಬಂದವರು.

"ಅಳಿಯನಿಗೆ ಹುಷಾರಿಲ್ವಾ? ನಾನು ಹಿಂದಿನಿಂದ ಕೇಳಿದೆ. ನಿಮ್ಮ ಮಗಳಿಗೆ ಎಷ್ಟು ಮಕ್ಕಳು?"

"ನನಗೆ ಮಗಳಿಲ್ಲ. ಮದುವೆಯೇ ಆಗ್ಲಿಲ್ಲ."

ಅವರು ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮತ್ತೆ ಅಳಿಯ ಎಲ್ಲಿಂದ ಬಂದ? ಅಂಗಡಿಯಿಂದ ತಂದದ್ದಾ?"

"ತಂಗಿಯ ಮಗ."

"ಹಾಗೆ ಹೇಳಿ ಮಾರಾಯ್ರೆ! ನಮ್ಮ ಬ್ಯಾರಿ ಮಾತಿನಲ್ಲಿಯೂ ತಂಗಿಯ ಮಗನಿಗೆ, ಮಗಳ ಗಂಡನಿಗೆ ಎರಡಕ್ಕೂ ಮರ್ಮೋನ್ ಅಂತಲೇ ಹೇಳುದು. ನಾನು ಎಂತೆಂತದೋ ಗ್ರಹಿಸಿದೆ." ನಕ್ಕವರು ಕೂಡಲೇ ನಗು ನಿಲ್ಲಿಸಿದರು. "ಎಂತ ಆದದ್ದು ಅವನಿಗೆ?"

ಹೇಳಿದೆ. ವಿಮಾನ ಹತ್ತುವವರೆಗೂ ಅವರ ತುಟಿ ಪ್ರಾರ್ಥನೆಯಲ್ಲಿ ಸಣ್ಣಗೆ ಅಲುಗುತ್ತಿತ್ತು.

ವಿಮಾನದಲ್ಲಿ ಕಿಟಕಿಯ ಪಕ್ಕ ಕುಳಿತಿದ್ದರೂ ಹೊರಗೆ ನೋಡಲಿಲ್ಲ. ಮುಂದಿನ ಕೌಂಟರಿನಲ್ಲಿ ಅರ್ಧ ಹೇಳಿ ಬರಬಾರದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಅದು ಪರದೇಶ. ಅಲ್ಲಿ ತಪ್ಪು ತಿಳಿಯುವಂತೆ ಬಿಟ್ಟು ಬಂದರೆ ಆಮೇಲೆ ಶೈಲೇಶನಿಗೇ ತೊಂದರೆಯಾದೀತು.

*

ಮಸ್ಕತ್ತಿನ ಕೌಂಟರಿನಲ್ಲಿದ್ದವನು ಶೈಲೇಶನ ವಯಸ್ಸಿನ ಹುಡುಗ. ಗಡ್ಡವನ್ನು ಅಂದವಾಗಿ ಕತ್ತರಿಸಿದ್ದ. ಪಾಸ್‌ಪೋರ್ಟ್ ತೆಗೆದುಕೊಂಡು ಕಂಪ್ಯೂಟರ್ ನೋಡುತ್ತಲೇ ಕೇಳಿದ.

"ಪರ್ಪಸ್?"

"ಟು ಸೀ ಮೈ ಸನ್ ಇನ್ ಲಾ. ಹಿ ಈಸ್ ಇನ್ ಹಾಸ್ಪಿಟಲ್."

ತಲೆ ಎತ್ತಿ, ತಡವರಿಸದೆ ಹೇಳಿದ್ದೆ.

"ಸಾರಿ," ಎಂದ ಅವನು. "ಡಾಟರ್ ಹಿಯರ್?"

"ನೋ ಡಾಟರ್."

"ಡಾಟರ್ ಇನ್ ಇಂಡಿಯಾ?"

"ನೋ ಸರ್. ಐ ಹ್ಯಾವ್ ನೋ ಡಾಟರ್. ಐ ಆಮ್ ನಾಟ್ ಮ್ಯಾರೀಡ್."

ಅವನು ಮೊದಲ ಸಲ ನನ್ನ ಮುಖ ನೋಡಿದ. "ನೋ ವೈಫ್?"

"ನೋ ವೈಫ್."

"ಬಟ್ ಸನ್ ಇನ್ ಲಾ."

"ಯೆಸ್ ಸರ್. ಸನ್. ಇನ್. ಲಾ." ಅವನಿಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳಿದೆ.

ಅವನು ಕಂಪ್ಯೂಟರಿನ ಕಡೆ ಬೆರಳು ತೋರಿಸಿದ. "ಹಿಯರ್ ರೈಟಿಂಗ್, ಅಂಕಲ್."

"ಯೆಸ್ ಸರ್. ಅಂಕಲ್ ಆಲ್ಸೊ."

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅವನಿಗೆ ಕಂಡಿತು. ಪಾಸ್‌ಪೋರ್ಟನ್ನು ಮುಚ್ಚಿ, ಎದ್ದು, ನನ್ನನ್ನು ಪಕ್ಕದ ಒಂದು ಕೋಣೆಗೆ ಕರೆದುಕೊಂಡು ಹೋದ. ಬೆಂಚಿನಲ್ಲಿ ಕೂರಿಸಿ, "ನೋ ಫೋನ್," ಎಂದು ಹೇಳಿ ಹೋದ. ಒರಟಾಗಿ ಏನೂ ಮಾತಾಡಲಿಲ್ಲ. ನನ್ನ ಪಾಸ್‌ಪೋರ್ಟ್ ಮೂಲೆಯ ಮೇಜಿನಲ್ಲಿದ್ದ ದೊಡ್ಡ ಆಫೀಸರರ ಮುಂದೆ, ಬೇರೆ ಪಾಸ್‌ಪೋರ್ಟುಗಳ ಕೆಳಗೆ ಹೋಯಿತು.

ಆ ಬೆಂಚಿನಲ್ಲಿ ಇನ್ನೂ ಕೆಲವರು ಗಂಡಸರಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬನನ್ನು ಮೇಜಿಗೆ ಕರೆದರು, ಅವನು ಏನೋ ಹೇಳಿದ, ಮತ್ತೊಬ್ಬ ಪೊಲೀಸು ಬಂದು ಅವನನ್ನು ನಾವು ಬಂದ ಬಾಗಿಲಿನ ಕಡೆಗೇ ವಾಪಸು ಕರೆದುಕೊಂಡು ಹೋದ. ವಿಮಾನಗಳು ನಿಲ್ಲುವ ಕಡೆಗೆ.

ನನ್ನನ್ನೂ ಹಾಗೆಯೇ ಕಳುಹಿಸಿದರೆ? ಮೇಜಿನ ಹಿಂದಿನ ಗೋಡೆಯಲ್ಲಿ ಗಡಿಯಾರ ಇತ್ತು. ಅದು ನಮ್ಮೂರಿನ ಸಮಯಕ್ಕಿಂತ ಒಂದೂವರೆ ಗಂಟೆ ಹಿಂದೆ ಎಂದು ನೆನಪಿಸಿಕೊಂಡರೂ ಭಯ ಕಡಿಮೆಯಾಗಲಿಲ್ಲ. ಮಧ್ಯಾಹ್ನದ ನಮಾಜಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಹೊರಗೆ ಸಂಪ್ರೀತ್ ಕಾಯುತ್ತಿದ್ದಾನೆ. ಅಲ್ಲಿ ಶೈಲೇಶನ ತಲೆ ಬೋಳಿಸುತ್ತಿರಬಹುದು.

ಎದ್ದು ಹೋಗಿ ನೆಫ್ಯೂ ಎಂದು ಹೇಳಿಬಿಡಲೇ? ಮೊದಲು ಸನ್ ಇನ್ ಲಾ ಎಂದೆ, ಆಮೇಲೆ ಅಂಕಲ್ ಎಂದೆ, ಈಗ ನೆಫ್ಯೂ ಎಂದರೆ ಮೂರನೆಯದಾಗುತ್ತದೆ. ಮೂರು ಮಾತಾಡುವವನನ್ನು ನಾನೇ ನಂಬುವುದಿಲ್ಲ. ಪಂಕಜಾಕ್ಷಿ ಹೇಳಿದ್ದನ್ನು ಕೇಳಿದ್ದರೆ ಆಗುತ್ತಿತ್ತು. ಏಳನೆಯವರೆಗೆ ಕಲಿತವಳು ಹೇಳಿದಳೆಂದು ಕೇಳಲಿಲ್ಲವೇ ನಾನು? ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲವೆಂದು ಖಚಿತವಾಗಲಿಲ್ಲ.

ಆಗ ಬಾಗಿಲು ತೆರೆದು ಅದೇ ಹುಡುಗ ಆಫೀಸರ್ ಬೀಫಾತುಮ್ಮನನ್ನು ಕರೆದುಕೊಂಡು ಬಂದ. ಅವರು ಆ ಕೋಣೆಗೆ ಹಳಬರಂತೆ ನೇರ ಬಂದು ಬೆಂಚಿನಲ್ಲಿ ಕುಳಿತರು.

"ನಿಮ್ಮನ್ನು ಎಂತಕ್ಕೆ?" ಎಂದೆ.

"ಬೆರಳಿನ ಅಚ್ಚು ಬೀಳುದಿಲ್ಲ ಮಾರಾಯ್ರೆ." ಎರಡೂ ಕೈಯ ಬೆರಳುಗಳನ್ನು ಬಿಡಿಸಿ ತೋರಿಸಿದರು. ತುದಿಗಳು ನುಣ್ಣಗಿದ್ದವು. "ಬೀಡಿ ಕಟ್ಟಿ ಕಟ್ಟಿ ಗೆರೆಯೆಲ್ಲ ಎಲೆಗೇ ಹೋಗಿದೆ. ಪ್ರತಿ ಸಲ ಇಲ್ಲಿ ಕೂರಿಸ್ತಾರೆ, ಒಂದು ಕಣ್ಣಿನ ಫೋಟೋ ತೆಗೀತಾರೆ, ಬಿಡ್ತಾರೆ. ನೀವು ಎಂತಕ್ಕೆ ಕೂತದ್ದು? ನೀವು ಬೀಡಿ ಕಟ್ಟುದಿಲ್ಲ ಅಲ್ವಾ?"

"ಸನ್ ಇನ್ ಲಾ ಅಂತ ಹೇಳಿದೆ. ಮಗಳೆಲ್ಲಿ ಅಂತ ಕೇಳಿದ್ರು. ಇಲ್ಲ ಅಂದೆ. ಮದುವೆ ಆಗ್ಲಿಲ್ಲ ಅಂದೆ."

"ಯಾ ಅಲ್ಲಾ! ನನಗೆ ಹೇಳಿದ ಹಾಗೆಯೇ ಇವರಿಗೂ ಹೇಳಿದ್ರಾ?" ಕೈಯನ್ನು ಹಣೆಗೆ ಹೊಡೆದುಕೊಂಡರು. "ನಾನು ಸುಳ್ಯದವಳು, ನನಗೆ ಅರ್ಥ ಆಗ್ತದೆ. ಇವರು ಎಂತ ಸುಳ್ಯದವರಾ? ಇಂಗ್ಲಿಷಿಗೆ ಎಂತಕ್ಕೆ ಹೋದದ್ದು ನೀವು?"

"ಮತ್ತೆ ಯಾವ ಭಾಷೆ ಉಂಟು ನನಗೆ?"

ಅವರು ಎದ್ದು ಮೇಜಿನ ಹತ್ತಿರ ಹೋದರು. ಕರೆಯದೆ ಹೋಗಬಾರದು ಎಂದು ನಾನು ಹೇಳುವಷ್ಟರಲ್ಲಿ ಹೋಗಿಯಾಗಿತ್ತು. ದೊಡ್ಡ ಆಫೀಸರರು ತಲೆ ಎತ್ತಿದರು. ಬೀಫಾತುಮ್ಮ ನನ್ನ ಕಡೆ ಕೈ ತೋರಿಸಿ, "ಹಾದಾ ಖಾಲ್," ಎಂದರು. ಮತ್ತೆ, "ವಲದ್ ಮರೀದ್. ಮುಸ್ತಶ್ಫಾ. ಹಾದಾ ಖಾಲ್." ಮಿಸ್ರಿಯಾಳ ಮಕ್ಕಳಿಂದ ಕಲಿತ ಅರಬಿ. ತಿರುಗಿ ನನಗೆ ಹೇಳಿದ ಅರ್ಥ ಇಷ್ಟು: ಹುಡುಗನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ, ಇವರು ಅವನ ತಾಯಿಯ ಅಣ್ಣ.

ಆಫೀಸರರು ಪಾಸ್‌ಪೋರ್ಟುಗಳ ಕೆಳಗಿನಿಂದ ನನ್ನದನ್ನು ತೆಗೆದರು. ಕೈಸನ್ನೆಯಿಂದ ಕರೆದರು.

"ಖಾಲ್?" ಎಂದು ಕೇಳಿದರು. "ಮದರ್... ಯುವರ್ ಸಿಸ್ಟರ್?"

"ಯೆಸ್ ಸರ್. ಮೈ ಸಿಸ್ಟರ್." ತಲೆ ತಗ್ಗಿಸಿಯೇ ಹೇಳಿದೆ.

ಅವರು ಹುಡುಗ ಆಫೀಸರನ ಕಡೆ ತಿರುಗಿ ಏನೋ ಹೇಳಿದರು. ಅದರಲ್ಲಿ ಖಾಲ್ ಎಂಬ ಶಬ್ದ ಎರಡು ಸಲ ಬಂದದ್ದು ಕೇಳಿಸಿತು. ಹುಡುಗ "ಆ..." ಎಂದ. ಅವನ ಮುಖ ಬದಲಾಯಿತು. ದೊಡ್ಡವರು ತಮ್ಮ ಎದೆಯ ಮೇಲೆ ಕೈಯಿಟ್ಟು, "ಮೀ ಆಲ್ಸೊ ಖಾಲ್," ಎಂದರು. ಮೊಹರು ಹಾಕಿ ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟರು. "ಗೋ. ಗೋ ಫಾಸ್ಟ್."

ತಾಯಿಯ ಅಣ್ಣತಮ್ಮಂದಿರಿಗೇ ಮೀಸಲಾದ ಒಂದು ಶಬ್ದ ಅವರಲ್ಲಿಯೂ ಇತ್ತು, ನಮ್ಮಲ್ಲಿಯೂ ಇತ್ತು. ನಮ್ಮಿಬ್ಬರ ನಡುವೆ ನಾನು ತಂದಿಟ್ಟ ಇಂಗ್ಲಿಷಿನಲ್ಲಿ ಅದು ಇರಲಿಲ್ಲ.

ಬೀಫಾತುಮ್ಮನಿಗೆ ಕೈ ಮುಗಿದೆ. "ಇದೆಲ್ಲ ಮತ್ತೆ. ಮೊದ್ಲು ಓಡಿ ಮಾರಾಯ್ರೆ," ಎಂದು ಅವರು ಗದರಿಸಿದರು. ಅವರ ಬೆರಳಿನ ಕೆಲಸ ಇನ್ನೂ ಆಗಿರಲಿಲ್ಲ. ನುಣ್ಣಗಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬೆಂಚಿನಲ್ಲಿ ಕುಳಿತರು.

*

ಸಂಪ್ರೀತ್ ಹೊರಗೆ ಸರಳು ಹಿಡಿದು ನಿಂತಿದ್ದ. ಕಾರಿನಲ್ಲಿ "ಬಿಡುದಿಲ್ಲವೋ ಅಂತ ಹೆದರಿದೆ," ಎಂದ ಒಮ್ಮೆ. ಬಿಳಿ ಕಟ್ಟಡಗಳು ಹಿಂದೆ ಹೋಗುತ್ತಿದ್ದವು. ಎಲ್ಲಿಯೋ ಸಮುದ್ರ ಕಾಣಿಸಿತು. ಶೈಲೇಶ ತೋರಿಸಬೇಕೆಂದಿದ್ದ ಆಚೆ ಬದಿ.

ಆಸ್ಪತ್ರೆ ತಲಪುವಾಗ ನಮಾಜಿನ ಕರೆ ಕೇಳುತ್ತಿತ್ತು. ಐಸಿಯು ಬಾಗಿಲಿನಲ್ಲಿ ಒಬ್ಬಳು ನರ್ಸು ತಡೆದಳು. ಮಲಯಾಳದವಳು ಎಂದು ಮಾತಿನಿಂದ ಗೊತ್ತಾಯಿತು. ನೀವು ಅವನಿಗೆ ಏನಾಗಬೇಕು ಎಂದು ಕೇಳಿದಳು. ಈ ಸಲ ಯೋಚಿಸಲಿಲ್ಲ. ಈಶ್ವರಮಂಗಲದಲ್ಲಿ ಗಡಿಯ ಆಚೆಯ ಮಲಯಾಳ ಕೇಳಿ ಬೆಳೆದವನು ನಾನು. "ಅಮ್ಮಾವನ್," ಎಂದೆ. ಸೋದರಮಾವ. ಅವಳು ಬಾಗಿಲು ಬಿಟ್ಟು ಸರಿದಳು.

ತಲೆ ಬೋಳಿಸಿದ್ದರು. ಬಾಯಿಗೆ ಕೊಳವೆ ಹಾಕಿದ್ದರು. ಕಣ್ಣು ಮುಚ್ಚಿತ್ತು. ಹಾಸಿಗೆಯಲ್ಲಿ ಅವನು ನನ್ನ ನೆನಪಿಗಿಂತ ಉದ್ದವಾಗಿ ಕಂಡ. ಇಬ್ಬರು ಹುಡುಗರು ಗಾಲಿಯ ಮಂಚ ತಂದು ನಿಲ್ಲಿಸಿದ್ದರು. ನರ್ಸು ಬೆರಳಿನಿಂದ ಸ್ವಲ್ಪ ಎಂದು ತೋರಿಸಿದಳು.

ಕಿವಿಯ ಹತ್ತಿರ ಬಾಗಿದೆ. "ಶೈಲು, ಯಾನ್ ಬತ್ತೆ," ಎಂದೆ. ನಾನು ಬಂದೆ.

ಮತ್ತೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅದನ್ನು ಅಭ್ಯಾಸ ಮಾಡಿರಲಿಲ್ಲ. ನೀನು ಮಾಡಿಸಿದ ಪಾಸ್‌ಪೋರ್ಟಿಗೆ ಮೊಹರು ಬಿತ್ತು ಎಂದೆ. ಅಮ್ಮ ಚೆನ್ನಾಗಿದ್ದಾಳೆ, ಇಮಿಗ್ರೇಶನ್ ಆಫೀಸರ್ ಆಗಿದ್ದಾಳೆ ಎಂದೆ. ಕೌಂಟರಿನಲ್ಲಿ ನಡೆದದ್ದನ್ನು ಹೇಳಿದೆ. ನೋ ಡಾಟರ್, ನೋ ವೈಫ್, ಅಂಕಲ್ ಆಲ್ಸೊ. ಬೇರೆ ಯಾವ ದಿನವಾದರೂ ಇದನ್ನು ಕೇಳಿ ಅವನು ನೆಲದ ಮೇಲೆ ಬಿದ್ದು ನಗುತ್ತಿದ್ದ, ಊರಿಡೀ ಹೇಳಿಕೊಂಡು ಬರುತ್ತಿದ್ದ. ಮುಖ ನೋಡಿದೆ. ರೆಪ್ಪೆ ಅಲುಗಲಿಲ್ಲ. ಕೈ ಹಿಡಿದೆ. ಬೆಚ್ಚಗಿತ್ತು, ಹಿಡಿತವಿರಲಿಲ್ಲ. ಯಂತ್ರದ ಗೆರೆ ಮೊದಲಿನಂತೆಯೇ ಓಡುತ್ತಿತ್ತು.

ಗಾಲಿಯ ಮಂಚ ತಿರುಗಿ ಉದ್ದನೆಯ ಓಣಿಯಲ್ಲಿ ಹೋಯಿತು. ಎರಡು ಬಾಗಿಲುಗಳು ತೆರೆದು ಮುಚ್ಚಿಕೊಂಡವು.

ಹೊರಗೆ ಬಂದಾಗ ಸಂಪ್ರೀತ್ ಫೋನನ್ನು ನನ್ನ ಕೈಗೆ ಕೊಟ್ಟ. ಆಚೆ ಪಂಕಜಾಕ್ಷಿ ಇದ್ದಳು.

"ಬಿಟ್ರಾ ಅಣ್ಣ?"

"ಬಿಟ್ರು."

"ಆಪರೇಷನಿಗೆ ಮೊದ್ಲು ಸಿಕ್ಕಿದನಾ?"

"ಸಿಕ್ಕಿದ. ಕಿವಿಯ ಹತ್ರ ಮಾತಾಡಿದೆ."

"ಕೇಳಿತಾ ಅವನಿಗೆ?"

ತಡವರಿಸಬಾರದು, ಕೇಳಿದ ಕೂಡಲೇ ಹೇಳಬೇಕು. ಅವಳಿಗೆ ನಾನು ಕಾಣಿಸುತ್ತಿರಲಿಲ್ಲ, ಆದರೂ ತಲೆ ಎತ್ತಿದೆ.

"ಕೇಳಿತು. ತಮ್ಮಲೆ ಅಂತ ಕರೆದ."

ತಮ್ಮಲೆ ಎಂದರೆ ತುಳುವಿನಲ್ಲಿ ತಾಯಿಯ ಅಣ್ಣ. ಅವನು ಮಾತು ಕಲಿತಂದಿನಿಂದ ನನ್ನನ್ನು ಕರೆಯುತ್ತಿದ್ದದ್ದು ಹಾಗೆ. ಆ ಬಾಯಿಯಲ್ಲಿ ಕೊಳವೆ ಇತ್ತು ಎಂದು ನಾನು ಹೇಳಲಿಲ್ಲ.

ಪಂಕಜಾಕ್ಷಿ ಕೇಳಿದಳು. "ಸ್ವರ ಹೇಗಿತ್ತು?"

ಈ ಪ್ರಶ್ನೆಯನ್ನು ಸಂಪ್ರೀತ್ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನು ತಡವರಿಸಿದೆ.

"ಸಣ್ಣದಿತ್ತು," ಎಂದೆ.

ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಡಿಗೆ ಕೋಣೆಯ ಆ ಕುರ್ಚಿಯಲ್ಲೇ ಕುಳಿತಿದ್ದಾಳೆ ಎಂದು ಯಾಕೋ ಅನ್ನಿಸಿತು.

"ಸಾಕು ಅಣ್ಣ," ಎಂದಳು. "ಇನ್ನು ನಾನು ಕೇಳುದಿಲ್ಲ. ನೀನು ಹೋಗಿ ಅವನ ಬಾಗಿಲ ಹತ್ರ ಕೂತ್ಕೊ."